ಮಕ್ಕಳ ಚಿತ್ರಪುಸ್ತಕಗಳ ಆಯ್ಕೆ ಮತ್ತು ಮೌಲ್ಯಮಾಪನ

ಮಕ್ಕಳ ಚಿತ್ರಪುಸ್ತಕಗಳ ಆಯ್ಕೆ ಮತ್ತು ಮೌಲ್ಯಮಾಪನ ಎಂಬುದು ಹೊಸದಾಗಿ ಪ್ರಕಟವಾದ ಚಿತ್ರಪುಸ್ತಕಗಳನ್ನು ಶಾಲೆ, ಗ್ರಂಥಾಲಯ, ಅಂಗನವಾಡಿ ಅಥವಾ ಮನೆಗಾಗಿ ಕೊಳ್ಳುವ ಮೊದಲು ಅವುಗಳ ಪಠ್ಯ, ಚಿತ್ರ, ಮಾಹಿತಿ ಮತ್ತು ಮುದ್ರಣವನ್ನು ಪರಿಶೀಲಿಸಿ, ಸಾಧ್ಯವಾದಲ್ಲಿ ಮಕ್ಕಳೊಂದಿಗೆ ಓದಿ ನೋಡಿ ತೀರ್ಮಾನಿಸುವ ಕಾರ್ಯವಾಗಿದೆ. ಈ ಕುರಿತ ಮಾನದಂಡಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಪುಸ್ತಕಗಳನ್ನು ಆಧರಿಸಿ ರೂಪುಗೊಂಡಿವೆ. ಕನ್ನಡದ ಲಿಪಿ, ವಾಕ್ಯರಚನೆ ಮತ್ತು ಪ್ರಾದೇಶಿಕ ಆಡುಮಾತುಗಳ ದೃಷ್ಟಿಯಿಂದ ಅವುಗಳನ್ನು ಯಥಾವತ್ತಾಗಿ ಅನ್ವಯಿಸಲಾಗುವುದಿಲ್ಲ. ಈ ಲೇಖನದಲ್ಲಿ ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ (ತಿ. ನರಸೀಪುರ) ತಾಲ್ಲೂಕುಗಳ ಸಂದರ್ಭವನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿಷಯವನ್ನು ವಿವರಿಸಲಾಗಿದೆ.

ಚಿತ್ರಪುಸ್ತಕದ ಸ್ವರೂಪ

ಚಿತ್ರಗಳಿರುವ ಪುಸ್ತಕಗಳೆಲ್ಲವೂ ಚಿತ್ರಪುಸ್ತಕಗಳಲ್ಲ. ಕಥೆಯೊಂದಕ್ಕೆ ನಡುನಡುವೆ ಅಲಂಕಾರವಾಗಿ ಚಿತ್ರಗಳನ್ನು ಸೇರಿಸಿದ್ದರೆ ಅದು ಸಚಿತ್ರ ಕಥಾಪುಸ್ತಕ. ಅಲ್ಲಿನ ಚಿತ್ರಗಳನ್ನು ತೆಗೆದುಹಾಕಿದರೂ ಕಥೆ ಉಳಿಯುತ್ತದೆ. ಚಿತ್ರಪುಸ್ತಕದಲ್ಲಿ ಮಾತು ಮತ್ತು ಚಿತ್ರ ಎರಡೂ ಕಥೆಯ ಭಾರವನ್ನು ಹಂಚಿಕೊಂಡಿರುತ್ತವೆ. ಪುಟ ತಿರುವುವ ಕ್ಷಣವೂ ಕಥನದ ಒಂದು ಭಾಗವೇ ಆಗಿರುತ್ತದೆ.

ಇದಕ್ಕೆ ಸಾಮಾನ್ಯವಾಗಿ ನೀಡುವ ಉದಾಹರಣೆ ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್' (1968). ಕೋಳಿಯೊಂದು ಹೊಲಮನೆಯ ಸುತ್ತ ನಡೆದು ಊಟದ ಹೊತ್ತಿಗೆ ಮರಳುವುದಷ್ಟೇ ಅದರ ಪಠ್ಯ; ಒಟ್ಟು 32 ಇಂಗ್ಲಿಷ್ ಪದಗಳು. ಚಿತ್ರಗಳಲ್ಲಿ ಮಾತ್ರ ನರಿಯೊಂದು ಆ ಕೋಳಿಯ ಬೆನ್ನು ಹತ್ತಿ ಮತ್ತೆ ಮತ್ತೆ ಪೆಟ್ಟು ತಿನ್ನುತ್ತದೆ. ಪಠ್ಯದಲ್ಲಿ ಆ ನರಿಯ ಹೆಸರೇ ಇಲ್ಲ. ಓದುವ ದೊಡ್ಡವರಿಗಿಂತ ಕೇಳುವ ಮಗುವಿಗೆ ಹೆಚ್ಚು ಕಾಣುತ್ತಿರುತ್ತದೆ. ಮಾರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' (1963) ಕೃತಿಯಲ್ಲಿ ಕಥೆ ಉತ್ಕಟವಾದಾಗ ಮೂರು ಜೋಡಿಪುಟಗಳ ಉದ್ದಕ್ಕೂ ಮಾತು ನಿಂತೇಹೋಗುತ್ತದೆ.

ಆದುದರಿಂದ ಹೊಸ ಪುಸ್ತಕವೊಂದನ್ನು ಪರಿಶೀಲಿಸುವವರು ಮೊದಲಿಗೆ ಮಾಡಬಹುದಾದ ಸರಳ ಪರೀಕ್ಷೆ ಇದು: ಪಠ್ಯವನ್ನು ಕೈಯಿಂದ ಮುಚ್ಚಿ ಚಿತ್ರಗಳನ್ನಷ್ಟೇ ನೋಡುತ್ತಾ ಹೋಗುವುದು, ಅನಂತರ ಚಿತ್ರಗಳನ್ನು ನೋಡದೆ ಪಠ್ಯವನ್ನಷ್ಟೇ ಓದುವುದು. ಎರಡು ಸಲವೂ ಒಂದೇ ಕಥೆ ಸಂಪೂರ್ಣವಾಗಿ ದೊರೆತರೆ, ಎರಡರಲ್ಲೊಂದು ಅಲ್ಲಿ ಸುಮ್ಮನೆ ಕುಳಿತಿದೆ ಎಂದು ಅರ್ಥ.

ಕನ್ನಡದಲ್ಲಿ ಚಿತ್ರಪುಸ್ತಕ

ಯುರೋಪಿನಲ್ಲಿ ಮಕ್ಕಳಿಗಾಗಿಯೇ ರಚಿತವಾದ ಆರಂಭಿಕ ಸಚಿತ್ರ ಪುಸ್ತಕವೆಂದು ಕೊಮೇನಿಯಸ್‌ನ 'ಆರ್ಬಿಸ್ ಪಿಕ್ಟಸ್' (1658) ಕೃತಿಯನ್ನು ಹೆಸರಿಸುತ್ತಾರೆ. ಅಮೆರಿಕದಲ್ಲಿ ಚಿತ್ರಪುಸ್ತಕದ ಕಲಾವಿದರಿಗೆಂದೇ ಮೀಸಲಾದ ಕ್ಯಾಲ್ಡಿಕಾಟ್ ಪದಕ 1938ರಲ್ಲಿ ಆರಂಭವಾಯಿತು.

ಆಧುನಿಕ ಕನ್ನಡ ಮಕ್ಕಳ ಸಾಹಿತ್ಯ ಮುಖ್ಯವಾಗಿ ಹಾಡಿನಿಂದ ಮತ್ತು ಹೇಳುವ ಕಥೆಯಿಂದ ಬೆಳೆಯಿತು. ಪಂಜೆ ಮಂಗೇಶರಾಯರು (1874–1937), ಜಿ. ಪಿ. ರಾಜರತ್ನಂ ಮುಂತಾದವರ ಶಿಶುಗೀತೆಗಳಿಗೆ ಚಿತ್ರದ ಅಗತ್ಯವೇ ಇರಲಿಲ್ಲ. ಅವು ಬಾಯಿಂದ ಬಾಯಿಗೆ ಹರಡಿದವು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ರಾಬರ್ಟ್ ಬ್ರೌನಿಂಗ್‌ನ ಇಂಗ್ಲಿಷ್ ಕವಿತೆಯ ರೂಪಾಂತರ. ಜರ್ಮನಿಯ ಹ್ಯಾಮಲಿನ್ ಪಟ್ಟಣ ಅದರಲ್ಲಿ ತುಂಗಾ ತೀರದ ಹಳ್ಳಿಯಾಗಿದೆ. ಪರಭಾಷೆಯ ಕೃತಿಯೊಂದು ಮಕ್ಕಳ ನಾಲಿಗೆಯ ಮೇಲೆ ಹೇಗೆ ಕೂರಬೇಕು ಎಂಬುದಕ್ಕೆ ಇಂದಿಗೂ ಅದೇ ಅಳತೆಗೋಲು. ಶಿವರಾಮ ಕಾರಂತರ ಮೂರು ಸಂಪುಟಗಳ 'ಬಾಲಪ್ರಪಂಚ' (1936) ಮಾಹಿತಿ ಸಾಹಿತ್ಯಕ್ಕೆ ಚಿತ್ರದ ನೆರವನ್ನು ಪಡೆಯಿತು. 1949ರಲ್ಲಿ ಕನ್ನಡದಲ್ಲಿಯೂ ಆರಂಭವಾದ 'ಚಂದಮಾಮ' ಮಾಸಪತ್ರಿಕೆಯು ಎರಡು ಮೂರು ತಲೆಮಾರಿನ ಮಕ್ಕಳ ಕಣ್ಣಿಗೆ ಒಂದು ಬಗೆಯ ಚಿತ್ರಶೈಲಿಯನ್ನು ಅಭ್ಯಾಸ ಮಾಡಿಸಿತು.

ಬಣ್ಣದ ಚಿತ್ರಪುಸ್ತಕಗಳು ಕಡಿಮೆ ಬೆಲೆಗೆ ಕನ್ನಡ ಮಕ್ಕಳ ಕೈಸೇರಿದ್ದರಲ್ಲಿ ಎರಡು ಮೂಲಗಳ ಪಾತ್ರ ದೊಡ್ಡದು. ಒಂದು, 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್‌ನ 'ನೆಹರೂ ಬಾಲ ಪುಸ್ತಕಾಲಯ' ಮಾಲೆ. ಇನ್ನೊಂದು, ಮಾಸ್ಕೋದಲ್ಲಿ ಅಚ್ಚಾಗಿ ನವಕರ್ನಾಟಕ ಪ್ರಕಾಶನದ ಮೂಲಕ ಇಲ್ಲಿ ಮಾರಾಟವಾಗುತ್ತಿದ್ದ ಸೋವಿಯತ್ ಪುಸ್ತಕಗಳು. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾದ ಮೇಲೆ ಎರಡನೆಯ ಮೂಲ ಬತ್ತಿತು. ಚೆನ್ನೈನ ತೂಲಿಕಾ ಪ್ರಕಾಶನ (1996) ಹಾಗೂ ಬೆಂಗಳೂರಿನ ಪ್ರಥಮ್ ಬುಕ್ಸ್ (2004) ಹಲವು ಭಾರತೀಯ ಭಾಷೆಗಳೊಂದಿಗೆ ಕನ್ನಡದಲ್ಲಿಯೂ ಚಿತ್ರಪುಸ್ತಕಗಳನ್ನು ಹೊರತಂದವು. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಅಂತರಜಾಲ ವೇದಿಕೆಯಲ್ಲಿ ಪುಸ್ತಕಗಳನ್ನು ಉಚಿತವಾಗಿ ಓದಲು, ಮುದ್ರಿಸಿಕೊಳ್ಳಲು ಮತ್ತು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಯಾರು ಬೇಕಾದರೂ ಅನುವಾದಿಸಲು ಅವಕಾಶವಿದೆ.

ಈ ಹಿನ್ನೆಲೆಯ ಪರಿಣಾಮವಾಗಿ, ಇಂದು ಕನ್ನಡದ ಮಗುವಿಗೆ ಸಿಗುವ ಚಿತ್ರಪುಸ್ತಕಗಳಲ್ಲಿ ಅನುವಾದಗಳ ಪಾಲು ದೊಡ್ಡದಾಗಿದೆ. ಆಯ್ಕೆಯ ಸಮಸ್ಯೆ ಬಹುಮಟ್ಟಿಗೆ ಅಲ್ಲಿಂದಲೇ ಆರಂಭವಾಗುತ್ತದೆ.

ಎರಡು ತಾಲ್ಲೂಕುಗಳ ಸಂದರ್ಭ

ನಂಜನಗೂಡು ಕಪಿಲಾ ನದಿಯ ದಡದಲ್ಲಿದೆ. ಅದೇ ನದಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ತಲಕಾಡು ಮತ್ತು ಸೋಮನಾಥಪುರ ತಿ. ನರಸೀಪುರ ತಾಲ್ಲೂಕಿನಲ್ಲಿಯೇ ಇವೆ. ಭತ್ತ, ಬಾಳೆ ಮತ್ತು ರೇಷ್ಮೆ ಈ ಸೀಮೆಯ ಪರಿಚಿತ ಬೆಳೆಗಳು. ನಂಜನಗೂಡಿನಲ್ಲಿ ಕೈಗಾರಿಕಾ ಪ್ರದೇಶವೂ ಇದೆ.

ಹಳ್ಳಿಯ ಮಗುವಿಗೆ ಪಠ್ಯೇತರ ಪುಸ್ತಕ ತಲುಪುವ ದಾರಿಗಳು ಕೆಲವೇ. ಮೊದಲನೆಯದು ಸರ್ಕಾರಿ ಶಾಲೆ. 1995ರಲ್ಲಿ ಇದೇ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿ ಬಳಿಕ ರಾಜ್ಯದಾದ್ಯಂತ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ನಲಿ-ಕಲಿ ಕೊಠಡಿಯಲ್ಲಿ 1ರಿಂದ 3ನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುವುದರಿಂದ, ಅಕ್ಷರ ಬಾರದ ಮಗುವೂ ಸರಾಗವಾಗಿ ಓದುವ ಮಗುವೂ ಒಂದೇ ಪುಸ್ತಕದ ಸುತ್ತ ಸೇರುವ ಸಂದರ್ಭಗಳು ಒದಗುತ್ತವೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲಾ ಗ್ರಂಥಾಲಯಕ್ಕೆ ಅನುದಾನವಿದೆ. ಪ್ರಾಥಮಿಕ ಶಾಲೆಗೆ ಅದು ವರ್ಷಕ್ಕೆ 5,000 ರೂಪಾಯಿವರೆಗೆ.

ಎರಡನೆಯದು ಗ್ರಾಮ ಪಂಚಾಯಿತಿ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ವ್ಯವಸ್ಥೆಯಲ್ಲಿ ಬೆಳೆದ ಈ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರ ನವೆಂಬರ್‌ನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಿತು. ಈಗ ಇವುಗಳನ್ನು 'ಅರಿವು ಕೇಂದ್ರ' ಎಂದು ಕರೆಯಲಾಗುತ್ತದೆ. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಇಲ್ಲಿನ ಕಪಾಟಿನಲ್ಲಿರುವ ಕೆಲವು ಚಿತ್ರಪುಸ್ತಕಗಳೇ ಇಡೀ ಚಿತ್ರಪುಸ್ತಕ ಲೋಕ. ಪಟ್ಟಣದ ಮಗುವಿಗೆ ಒಂದು ಕೆಟ್ಟ ಪುಸ್ತಕ ಬಂದರೆ ಮತ್ತೊಂದು ಸಿಗುತ್ತದೆ. ಐದಾರು ಪುಸ್ತಕಗಳಿರುವ ಕಡೆ ಎರಡು ಕೆಟ್ಟವಾದರೆ, ಓದು ಎಂದರೆ ಇಷ್ಟೇ ಎಂದು ಮಗು ತೀರ್ಮಾನಿಸಿಬಿಡಬಹುದು. ಆದುದರಿಂದ ಆಯ್ಕೆಯ ಪ್ರಶ್ನೆ ಸಣ್ಣ ಸಂಗ್ರಹವಿರುವ ಕಡೆಯೇ ಹೆಚ್ಚು ಗಂಭೀರವಾದುದು.

ಪಠ್ಯದ ಪರಿಶೀಲನೆ

ಚಿತ್ರಪುಸ್ತಕವನ್ನು ಹೆಚ್ಚಾಗಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕೇಳುತ್ತಾರೆ. ಹೀಗಾಗಿ ಪಠ್ಯವನ್ನು ಮೌನವಾಗಿ ಓದಿ ತೀರ್ಪು ಕೊಡುವುದು ಸರಿಯಲ್ಲ. ಒಂದು ಸಲವಾದರೂ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಎಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆಯೋ, ಎಲ್ಲಿ ಓದುವವರು ತಮಗರಿವಿಲ್ಲದೆ ವಾಕ್ಯವನ್ನು ತಿದ್ದಿಕೊಂಡು ಓದುತ್ತಾರೋ ಅಲ್ಲಿ ಪಠ್ಯ ಸೋತಿದೆ.

ಅನುವಾದಿತ ಪುಸ್ತಕಗಳ ದೋಷ ಈ ಪರೀಕ್ಷೆಯಲ್ಲಿ ಬೇಗ ಬಯಲಾಗುತ್ತದೆ. 'ಅವನು ತನ್ನ ಕೈಗಳನ್ನು ತನ್ನ ಜೇಬುಗಳ ಒಳಗೆ ಹಾಕಿಕೊಂಡನು' ಎಂಬಂಥ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಕನ್ನಡದಲ್ಲಿ ಕಥೆ ಹೇಳುವ ಯಾರೂ ಹಾಗೆ ಹೇಳುವುದಿಲ್ಲ. 'ಜೇಬಿಗೆ ಕೈ ಹಾಕಿದ' ಎಂದರೆ ಸಾಕು. ಪ್ರತಿ ವಾಕ್ಯದಲ್ಲೂ ಕರ್ತೃಪದವನ್ನು ಮರುಕಳಿಸುವುದು, 'ತನ್ನ', 'ಅದರ', 'ಒಂದು' ಎಂಬ ಪದಗಳ ಅತಿಬಳಕೆ, ಎಲ್ಲೆಡೆ ಬಹುವಚನ ಪ್ರತ್ಯಯ, ಇವು ಅವಸರದ ಅನುವಾದದ ಗುರುತುಗಳು. ದಡದಡ, ಸರಸರ, ಪಿಳಿಪಿಳಿ, ಗುಡುಗುಡು ಮುಂತಾದ ಅನುಕರಣ ಶಬ್ದಗಳು ಕನ್ನಡ ಕಥನದ ಬಲ. ಮೂಲದಲ್ಲಿ ಇಲ್ಲವೆಂಬ ಕಾರಣಕ್ಕೆ ಅನುವಾದಕರು ಅವುಗಳನ್ನು ಬಿಟ್ಟಿದ್ದರೆ ಪಠ್ಯ ಸಪ್ಪೆಯಾಗುತ್ತದೆ. ಇಂಗ್ಲಿಷ್‌ನ ಅಂತ್ಯಪ್ರಾಸವನ್ನು ಬಲವಂತವಾಗಿ ತರಲು ಹೋಗಿ ಪದಗಳನ್ನು ಹಿಂದುಮುಂದಾಗಿಸಿದ ಪದ್ಯಗಳಿಗಿಂತ ಒಳ್ಳೆಯ ಗದ್ಯವೇ ಲೇಸು.

ಓದಿನ ಮಟ್ಟದ ನಿರ್ಧಾರವೂ ಕನ್ನಡದಲ್ಲಿ ಬೇರೆಯೇ ಆಗಬೇಕು. ಸ್ಟೋರಿವೀವರ್ ಮುಂತಾದೆಡೆ ಪುಸ್ತಕಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಲಾಗಿದೆ. ಮೊದಲ ಹಂತದ ಪುಸ್ತಕ ಸುಮಾರು 250 ಪದಗಳೊಳಗೆ ಇರಬೇಕೆಂಬುದು ಅಲ್ಲಿನ ಒಂದು ಸೂಚಕ. ಆದರೆ ಕನ್ನಡ ಪ್ರತ್ಯಯಗಳು ಸೇರಿ ಬೆಳೆಯುವ ಭಾಷೆ. ಇಂಗ್ಲಿಷ್‌ನಲ್ಲಿ ನಾಲ್ಕೈದು ಪದಗಳಾಗುವುದು ಇಲ್ಲಿ 'ಓದುತ್ತಿದ್ದಳಂತೆ' ಎಂಬ ಒಂದೇ ಪದವಾಗುತ್ತದೆ. ಪದಗಳ ಎಣಿಕೆಯಲ್ಲಿ ಸುಲಭವೆಂದು ತೋರುವ ಪುಸ್ತಕ, ಅಕ್ಷರ ಕೂಡಿಸಿ ಓದುವ ಮಗುವಿಗೆ ಏರು ದಾರಿಯಾಗಬಹುದು. ಕನ್ನಡದ ಆರಂಭಿಕ ಓದುಗರಿಗೆ ತೊಡಕಾಗುವುದು ಒತ್ತಕ್ಷರಗಳು, ಅದರಲ್ಲೂ 'ಷ್ಟ್ರ', 'ಸ್ತ್ರ' ಮೊದಲಾದ ಮೂರು ವ್ಯಂಜನಗಳ ಕೂಟಗಳು, ಅಪರೂಪದ ಮಹಾಪ್ರಾಣಗಳು ಮತ್ತು ಸಂಧಿಯಾದ ಉದ್ದ ಪದಗಳು. ಆದುದರಿಂದ ಪುಟಕ್ಕೆಷ್ಟು ಪದಗಳೆಂದು ಎಣಿಸುವುದರ ಬದಲು, ಒತ್ತಕ್ಷರಗಳೆಷ್ಟು, ಐದಾರು ಅಕ್ಷರಗಳನ್ನು ಮೀರಿದ ಪದಗಳೆಷ್ಟು, ಹೊಸ ಪದವೊಂದು ಮತ್ತೆ ಮತ್ತೆ ಬಂದು ಪರಿಚಿತವಾಗುತ್ತದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ಮಗುವಿಗೆ ಓದಿ ಹೇಳಲೆಂದೇ ಇರುವ ಪುಸ್ತಕಕ್ಕೆ ಈ ಕಟ್ಟುಪಾಡು ಬೇಕಿಲ್ಲ. ಕೇಳಿ ತಿಳಿಯುವ ಸಾಮರ್ಥ್ಯ ಓದುವ ಸಾಮರ್ಥ್ಯಕ್ಕಿಂತ ಬಹಳ ಮುಂದಿರುತ್ತದೆ.

ಆಡುಮಾತಿನ ಪ್ರಶ್ನೆ

ಮೈಸೂರಿನ ದಕ್ಷಿಣಕ್ಕೆ, ಚಾಮರಾಜನಗರದವರೆಗೆ ಹಬ್ಬಿರುವ ಆಡುಮಾತಿಗೆ ತನ್ನದೇ ಆದ ಲಯವಿದೆ. ಮಗು ಇಲ್ಲಿ 'ಕೂಸು'. 'ಬಿಡು' ಎಂಬುದು 'ಬುಡು'. ಪದದ ಮೊದಲಿನ ಹಕಾರ ಅನೇಕರ ಮಾತಿನಲ್ಲಿ ಉಳಿಯುವುದಿಲ್ಲ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವರು 'ಕುಸುಮಬಾಲೆ'ಯಲ್ಲಿ ಈ ನುಡಿಗೆ ಸಾಹಿತ್ಯದ ಘನತೆ ತಂದುಕೊಟ್ಟರು. ಮಕ್ಕಳ ಚಿತ್ರಪುಸ್ತಕಗಳು ಬಹುಪಾಲು ಬೆಂಗಳೂರಿನಲ್ಲಿ ಸಂಪಾದಿತವಾದ ಶಿಷ್ಟ ಕನ್ನಡದಲ್ಲಿಯೇ ಇರುತ್ತವೆ.

ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಶಾಲೆಯ ಭಾಷೆಗೆ ಮಗುವನ್ನು ಸಿದ್ಧಗೊಳಿಸಬೇಕಾದ್ದರಿಂದ ಶಿಷ್ಟ ಕನ್ನಡವೇ ಇರಲಿ ಎಂಬುದು ಒಂದು. ಮನೆಯ ಮಾತು ಪುಸ್ತಕದಲ್ಲಿ ಎಲ್ಲಿಯೂ ಕಾಣದಿದ್ದರೆ, ತನ್ನ ಮನೆಯವರ ಮಾತು 'ತಪ್ಪು ಕನ್ನಡ'ವೆಂದು ಮಗು ಭಾವಿಸುತ್ತದೆ ಎಂಬುದು ಇನ್ನೊಂದು. ಕಥೆಯ ನಿರೂಪಣೆ ಸರಳವಾದ ಶಿಷ್ಟಭಾಷೆಯಲ್ಲಿದ್ದು ಪಾತ್ರಗಳ ಸಂಭಾಷಣೆ ಊರಿನ ಮಾತಿನಲ್ಲಿರುವುದು ಒಂದು ಮಧ್ಯಮಾರ್ಗ. ಆದರೆ ಹಾಗೆ ಮಾಡುವಾಗ ಆಡುಮಾತು ಯಾರ ಬಾಯಲ್ಲಿದೆ ಎಂಬುದನ್ನು ಗಮನಿಸಬೇಕು. ಕೆಲಸದಾಕೆ, ಕಳ್ಳ ಅಥವಾ ಪೆದ್ದನ ಬಾಯಲ್ಲಿ ಮಾತ್ರ ಆಡುಮಾತು ಇದ್ದರೆ ಅಂಥ ಪುಸ್ತಕ ಬೇಡ. ಅನುಭವಿ ಓದುಗರು ಗಟ್ಟಿಯಾಗಿ ಓದುವಾಗ 'ತಾಯಿ'ಯನ್ನು 'ಅವ್ವ'ನನ್ನಾಗಿ, 'ಬಂದನು' ಎಂಬುದನ್ನು 'ಬಂದ' ಎಂದು ಮಾಡಿಕೊಂಡು ಓದುತ್ತಾರೆ. ಇದಕ್ಕೆ ಎಡೆಮಾಡಿಕೊಡುವ ಪಠ್ಯ ಒಳ್ಳೆಯ ಪಠ್ಯವೇ. ಮನೆಮಾತು ಉರ್ದು, ತಮಿಳು, ತೆಲುಗು ಅಥವಾ ಹಿಂದಿಯಾಗಿರುವ ಮಕ್ಕಳಿರುವ ಕಡೆ ಮಾತಿಲ್ಲದ ಚಿತ್ರಪುಸ್ತಕಗಳೂ ದ್ವಿಭಾಷಾ ಪುಸ್ತಕಗಳೂ ಸಂಗ್ರಹದಲ್ಲಿರಬೇಕು.

ಚಿತ್ರದ ಪರಿಶೀಲನೆ

ಚಿತ್ರ ಸುಂದರವಾಗಿದೆಯೇ ಎಂಬುದು ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ, ಚಿತ್ರ ಏನನ್ನು ಹೇಳುತ್ತಿದೆ ಎಂಬುದು. ಪಾತ್ರದ ಮುಖಭಾವ ಪುಟದಿಂದ ಪುಟಕ್ಕೆ ಬದಲಾಗುತ್ತದೆಯೇ? ಮೊದಲ ಪುಟದ ಹುಡುಗಿಯೇ ಹತ್ತನೆಯ ಪುಟದಲ್ಲೂ ಇದ್ದಾಳೆ ಎಂದು ಗುರುತು ಹಿಡಿಯಬಹುದೇ? ಪಠ್ಯದಲ್ಲಿಲ್ಲದ ಏನಾದರೂ, ಒಂದು ಬೆಕ್ಕು, ಬಾಗಿಲ ಹಿಂದೆ ನಿಂತ ಅಜ್ಜಿ, ಮಗುವಿನ ಕಣ್ಣಿಗೆ ಕಾದಿದೆಯೇ? ಗಣಕಯಂತ್ರದಲ್ಲಿ ಸಿದ್ಧಾಕೃತಿಗಳನ್ನು ಜೋಡಿಸಿ ಮಾಡಿದ ಅಗ್ಗದ ಪುಸ್ತಕಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ನಗು, ಎಲ್ಲ ಮರಗಳಿಗೂ ಒಂದೇ ಆಕಾರ. ಅಂಥವನ್ನು ಎರಡನೆಯ ಸಲ ತೆರೆಯಲು ಕಾರಣವೇ ಇರುವುದಿಲ್ಲ.

ಸ್ಥಳೀಯ ವಸ್ತುಗಳ ಚಿತ್ರಣದಲ್ಲಿ ಸತ್ಯನಿಷ್ಠೆ ಬೇಕು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಸಾಗುತ್ತವೆ. ಶ್ರೀಕಂಠೇಶ್ವರನ ಗೌತಮ ರಥದ ಚಕ್ರ, ಹಗ್ಗ, ಬಟ್ಟೆ ಬಾವುಟಗಳ ಗೋಪುರ ಇವನ್ನೆಲ್ಲ ಅಪ್ಪನ ಹೆಗಲ ಮೇಲೆ ಕುಳಿತು ಕಂಡ ಮಗುವಿಗೆ, 'ನಮ್ಮೂರ ತೇರು' ಎಂಬ ಪಠ್ಯದ ಪಕ್ಕದಲ್ಲಿ ಪುರಿಯ ಜಗನ್ನಾಥನ ರಥವನ್ನು ಚಿತ್ರಿಸಿಕೊಟ್ಟರೆ ಅದು ಕೂಡಲೇ ಗೊತ್ತಾಗುತ್ತದೆ. ಪುರಿಯ ರಥದ ಚಿತ್ರ ಇರಬಾರದೆಂದಲ್ಲ. ಅದು ಪುರಿಯದು ಎಂದು ಪುಸ್ತಕಕ್ಕೆ ತಿಳಿದಿರಬೇಕು, ಅಷ್ಟೇ. ಒಂದೇ ಚಿತ್ರವನ್ನು ಹತ್ತು ಭಾಷೆಗಳ ಆವೃತ್ತಿಗಳಿಗೆ ಬಳಸುವ ಕ್ರಮದಿಂದ ಸೀರೆಯ ಸೆರಗು, ಮನೆಯ ಸೂರು, ಒಲೆ, ತಟ್ಟೆಯಲ್ಲಿರುವ ಊಟ ಎಲ್ಲವೂ ಎಲ್ಲಿಯೂ ಸಲ್ಲದ ಒಂದು ಸಾಮಾನ್ಯ 'ಭಾರತೀಯ ಹಳ್ಳಿ'ಯದಾಗಿಬಿಡುವ ಅಪಾಯವಿದೆ. ಮುದ್ದೆ ಎಂದು ಬರೆದಿರುವ ಕಡೆ ರೊಟ್ಟಿಯ ಚಿತ್ರವಿದ್ದರೆ ಮಕ್ಕಳು ನಗುತ್ತಾರೆ, ಮತ್ತು ಅದು ಕಥೆಯ ಜೊತೆಗಿನ ನಗುವಾಗಿರುವುದಿಲ್ಲ.

ಮಾಹಿತಿಯ ನಿಖರತೆ

ಎರಿಕ್ ಕಾರ್ಲ್ ಅವರ 'ದ ವೆರಿ ಹಂಗ್ರಿ ಕ್ಯಾಟರ್ಪಿಲ್ಲರ್' (1969) ಜಗತ್ತಿನ ಅತಿ ಜನಪ್ರಿಯ ಚಿತ್ರಪುಸ್ತಕಗಳಲ್ಲೊಂದು. ಎಲೆಯ ಮೇಲಿನ ಮೊಟ್ಟೆಯಿಂದ ಹೊರಬಂದ ಹುಳು ವಾರವಿಡೀ ತಿಂದು, ಗೂಡು ಕಟ್ಟಿಕೊಂಡು, ಚಿಟ್ಟೆಯಾಗುತ್ತದೆ. ಚಿಟ್ಟೆ ರೇಷ್ಮೆಯಂಥ ಗೂಡಿನಿಂದ ಬರುವುದಿಲ್ಲ, ಗಟ್ಟಿ ಹೊದಿಕೆಯ ಕೋಶದಿಂದ ಬರುತ್ತದೆ, ಗೂಡು ನೇಯುವುದು ಪತಂಗಗಳ ಮರಿಗಳು ಎಂದು ಈ ಪುಸ್ತಕದ ಬಗ್ಗೆ ಆಕ್ಷೇಪ ಬಂದಿದೆ.

ಬೇರೆಡೆ ಇದು ಪಂಡಿತರ ಚರ್ಚೆಯಾಗಿರಬಹುದು. ತಿ. ನರಸೀಪುರದಂಥ ಕಡೆ ಹಾಗಲ್ಲ. ಹಿಪ್ಪುನೇರಳೆ ಸೊಪ್ಪು, ತಟ್ಟೆ, ಚಂದ್ರಿಕೆ, ಗೂಡು ಇವು ರೇಷ್ಮೆ ಸಾಕುವ ಮನೆಯ ಮಗುವಿಗೆ ದಿನಬಳಕೆಯ ಪದಗಳು. ಹುಳು ನಾಲ್ಕು ಸಲ ಪೊರೆ ಬಿಡುವುದನ್ನು ಸಾಕಣೆದಾರರು 'ಜ್ವರ' ಎನ್ನುತ್ತಾರೆ. ಆ ಹೊತ್ತಿನಲ್ಲಿ ಅದು ಸೊಪ್ಪು ಮುಟ್ಟುವುದಿಲ್ಲ, ಕೊನೆಯ ಜ್ವರ ಕಳೆದ ಮೇಲೆ ಎಷ್ಟು ಹಾಕಿದರೂ ಸಾಲದೆಂಬಂತೆ ತಿನ್ನುತ್ತದೆ. 'ಹಸಿದ ಹುಳು' ಎಂದರೆ ಏನೆಂದು ಈ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಳು ಪತಂಗವಾಗಿ ಗೂಡು ಒಡೆಯುವುದನ್ನು ಮಾತ್ರ ಅದು ಕಂಡಿರುವುದು ಅಪರೂಪ. ಪತಂಗ ಗೂಡನ್ನು ತೂತು ಮಾಡಿದರೆ ನೂಲು ಎಳೆ ಕಡಿಯುತ್ತದೆಯಾದ್ದರಿಂದ, ಬಿತ್ತನೆಗೆ ಬೇಕಾದವನ್ನು ಬಿಟ್ಟು ಉಳಿದ ಗೂಡುಗಳೆಲ್ಲ ಅದಕ್ಕೂ ಮುಂಚೆಯೇ ಮಾರುಕಟ್ಟೆಗೆ ಹೋಗುತ್ತವೆ.

ಹಾಗಾದರೆ ಈ ಪುಸ್ತಕವನ್ನು ಕೊಳ್ಳಬಾರದೇ? ಕೊಳ್ಳಬಹುದು, ಎಣಿಕೆ, ವಾರದ ದಿನಗಳು, ಹುಳು ಕೊರೆದ ತೂತುಗಳ ಆಟ ಎಲ್ಲವೂ ಅದರಲ್ಲಿ ಸೊಗಸಾಗಿವೆ. ಆದರೆ ಓದುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು. 'ನಮ್ಮನೆ ಹುಳ ಚಿಟ್ಟೆ ಆಗಲ್ಲ' ಎಂದು ಮಗು ಹೇಳಿದರೆ ಅದನ್ನು ತಿದ್ದಬಾರದು. ಕಲ್ಪಿತ ಕಥೆಯಲ್ಲಿ ಮೊಲ ಮಾತನಾಡಿದರೆ ಅದು ದೋಷವಲ್ಲ. ಮಾಹಿತಿ ಪುಸ್ತಕವೆಂದು ಹೇಳಿಕೊಳ್ಳುವ ಕೃತಿಯಲ್ಲಿ ಜೇಡವನ್ನು ಕೀಟವೆಂದು ಕರೆದರೆ ದೋಷ. ಇವೆರಡರ ನಡುವೆ ನಿಲ್ಲುವ ಪುಸ್ತಕಗಳ ಬಗ್ಗೆ ಊರಿನವರನ್ನೇ, ರೈತರನ್ನೂ ಮೀನು ಹಿಡಿಯುವವರನ್ನೂ ಕೇಳುವುದು ವಿಷಯತಜ್ಞರನ್ನು ಹುಡುಕುವುದಕ್ಕಿಂತ ಎಷ್ಟೋ ಸಲ ಸುಲಭ.

ಪ್ರಾತಿನಿಧ್ಯ

ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕಗಳನ್ನು ಕನ್ನಡಿ, ಕಿಟಕಿ ಮತ್ತು ಜಾರುಬಾಗಿಲುಗಳಿಗೆ ಹೋಲಿಸಿದರು. ಮಗು ತನ್ನನ್ನು ಕಾಣಲು ಕನ್ನಡಿ, ಇತರರನ್ನು ಕಾಣಲು ಕಿಟಕಿ, ಆ ಲೋಕದೊಳಗೆ ಕಾಲಿಡಲು ಬಾಗಿಲು. ಭಾರತದ ಸಂದರ್ಭದಲ್ಲಿ ಈ ಮಾತು ಜಾತಿ, ವರ್ಗ, ಧರ್ಮ, ಲಿಂಗ ಮತ್ತು ಅಂಗವೈಕಲ್ಯಕ್ಕೆ ಅನ್ವಯಿಸುತ್ತದೆ. ಬಡತನವನ್ನು ಕಪ್ಪು ಬಣ್ಣದಿಂದಲೂ ಒಳ್ಳೆಯತನವನ್ನು ಬಿಳುಪಿನಿಂದಲೂ ಸೂಚಿಸುವುದು, ಅಮ್ಮ ಸದಾ ಅಡುಗೆಮನೆಯಲ್ಲೂ ಅಪ್ಪ ಸದಾ ಪತ್ರಿಕೆಯ ಹಿಂದೆಯೂ ಇರುವುದು, ಕೂಲಿ ಮಾಡುವ ಮನೆಯ ಮಗು ಯಾರದೋ ದಯೆಗೆ ಪಾತ್ರವಾಗಲೆಂದೇ ಕಥೆಯಲ್ಲಿ ಬರುವುದು, ಇವು ಹೊಸ ಪುಸ್ತಕಗಳಲ್ಲೂ ಉಳಿದಿರುವ ಹಳೆಯ ಚಾಳಿಗಳು. ಒಂದೇ ಪುಸ್ತಕದಲ್ಲಿ ಎಲ್ಲರೂ ಇರಬೇಕೆಂದು ನಿರೀಕ್ಷಿಸಲಾಗದು. ಒಂದು ಕಪಾಟನ್ನು ಒಟ್ಟಾಗಿ ನೋಡಿದಾಗ ಯಾರ ಮನೆಯೂ, ಯಾರ ಊಟವೂ, ಯಾರ ಹೆಸರೂ ಪೂರ್ತಿಯಾಗಿ ಕಾಣೆಯಾಗಿಲ್ಲವೇ ಎಂಬುದು ಸರಿಯಾದ ಪ್ರಶ್ನೆ.

ನೀತಿಬೋಧೆಯ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಕನ್ನಡದಲ್ಲಿ ಮಕ್ಕಳ ಪುಸ್ತಕ ಕೊಳ್ಳುವ ದೊಡ್ಡವರು 'ಇದರಿಂದ ಮಗು ಏನು ಕಲಿಯುತ್ತದೆ?' ಎಂದು ಕೇಳುವುದು ರೂಢಿ. ಕೊನೆಯ ಪುಟದಲ್ಲಿ 'ಕಥೆಯ ನೀತಿ' ಎಂದು ಅಚ್ಚುಹಾಕಿದ ಪುಸ್ತಕಗಳು ಈ ಕಾರಣಕ್ಕೇ ಮಾರಾಟವಾಗುತ್ತವೆ. ರೋಹಿಣಿ ನಿಲೇಕಣಿ 'ನೋನಿ' ಎಂಬ ಹೆಸರಿನಲ್ಲಿ ಬರೆದ, ಪ್ರಥಮ್ ಬುಕ್ಸ್ ಪ್ರಕಟಿಸಿದ 'ಶೃಂಗೇರಿ ಶ್ರೀನಿವಾಸ'ನ ಕಥೆಗಳಲ್ಲಿ ಉದ್ದ ಕೂದಲಿನ ರೈತನೊಬ್ಬ ಕ್ಷೌರಕ್ಕಾಗಿ ಪಡುವ ಪಾಡಿದೆ, ನಗುವಿದೆ. ಅಂಥವು ಮಕ್ಕಳಿಗೆ ಪುಸ್ತಕವನ್ನು ಮತ್ತೆ ತೆರೆಯುವ ಅಭ್ಯಾಸ ಹಿಡಿಸುತ್ತವೆ, ಓದು ಕಲಿಯುವ ಹಂತದಲ್ಲಿ ಬೇಕಾದದ್ದು ಅದೇ.

ಮುದ್ರಣ ಮತ್ತು ವಿನ್ಯಾಸ

ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವ ಕ್ರಮದಿಂದಾಗಿ ಚಿತ್ರಪುಸ್ತಕಗಳ ಪುಟಸಂಖ್ಯೆ ಸಾಮಾನ್ಯವಾಗಿ 8ರ ಗುಣಕದಲ್ಲಿರುತ್ತದೆ. 32 ಪುಟಗಳದ್ದು ಜಗತ್ತಿನಾದ್ಯಂತ ಪ್ರಚಲಿತ ಗಾತ್ರ. ಬಹುಭಾಷಾ ಪ್ರಕಟಣೆಯಲ್ಲಿ ಬಣ್ಣದ ಅಚ್ಚುಫಲಕಗಳು ಎಲ್ಲ ಭಾಷೆಗೂ ಒಂದೇ ಆಗಿದ್ದು, ಅಕ್ಷರವಿರುವ ಕಪ್ಪು ಬಣ್ಣದ ಫಲಕವನ್ನಷ್ಟೇ ಬದಲಾಯಿಸಲಾಗುತ್ತದೆ. ಇದರಿಂದ ವೆಚ್ಚ ಇಳಿಯುತ್ತದೆ. ಆದರೆ ಇಂಗ್ಲಿಷ್ ಪಠ್ಯಕ್ಕೆಂದು ಬಿಟ್ಟ ಜಾಗದಲ್ಲಿ ಕನ್ನಡ ಪಠ್ಯವನ್ನು ತುರುಕಬೇಕಾಗುತ್ತದೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಅಂತರ ಬೇಕು. ಅದಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಓದಲು ಕಲಿಯುತ್ತಿರುವ ಮಗುವಿಗೆ ಅಲ್ಲಿ ಹೊಸದೊಂದು ಅಕ್ಷರವೇ ಕಂಡಂತಾಗುತ್ತದೆ. ಗಾಢ ಬಣ್ಣದ ಮೇಲೆ ಕಪ್ಪು ಅಕ್ಷರ, ಉದ್ದ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲೆಂದರಲ್ಲಿ ತುಂಡರಿಸುವುದು, ಜೋಡಿಪುಟದ ನಡುಮಡಿಕೆಯಲ್ಲಿ ಪಾತ್ರದ ಮುಖ ಮುಚ್ಚಿಹೋಗುವುದು, ಇವೂ ಗಮನಿಸಬೇಕಾದ ದೋಷಗಳು.

ಮೂವತ್ತು ಮಕ್ಕಳು ಬಳಸುವ ಪುಸ್ತಕಕ್ಕೆ ಗಟ್ಟಿಯಾದ ಹೊದಿಕೆ ಮತ್ತು ಹೊಲಿಗೆ ಬೇಕು. ಅತಿ ಹೊಳಪಿನ ಕಾಗದ ಕಿಟಕಿಯ ಬೆಳಕಿಗೆ ಮಿಂಚಿ, ಹಿಂದಿನ ಸಾಲಿನ ಮಗುವಿಗೆ ಏನೂ ಕಾಣುವುದಿಲ್ಲ. ಅಂಗಡಿಯಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವಾಗ ಹೊಳೆಯದ ಅಂಶವಿದು. ನಾಲ್ಕು ಹೆಜ್ಜೆ ದೂರದಲ್ಲಿ ಯಾರಾದರೂ ಹಿಡಿದು ತೋರಿಸಿದರೆ ತಿಳಿಯುತ್ತದೆ.

ಮಕ್ಕಳೊಂದಿಗೆ ಪರೀಕ್ಷೆ

ದೊಡ್ಡವರ ಪರಿಶೀಲನೆ ಮುಗಿದ ಬಳಿಕ ಪುಸ್ತಕವನ್ನು ಮಕ್ಕಳಿಗೆ ಓದಿ ತೋರಿಸಬೇಕು. ಇಷ್ಟವಾಯಿತೇ ಎಂದು ಕೇಳುವುದರಿಂದ ಹೆಚ್ಚು ತಿಳಿಯುವುದಿಲ್ಲ. ಮೇಷ್ಟ್ರು ಅಥವಾ ಮಿಸ್ ಕೇಳಿದರೆ ಮಕ್ಕಳು ಇಷ್ಟವಾಯಿತೆಂದೇ ಹೇಳುತ್ತಾರೆ. ಗಮನಿಸಬೇಕಾದದ್ದು ಬೇರೆ. ಪುಟ ತಿರುವುವ ಮೊದಲೇ ಮುಂದೇನೆಂದು ಊಹಿಸುತ್ತಾರೆಯೇ, ಚಿತ್ರದ ಹತ್ತಿರ ಬಂದು ಬೆರಳಿಟ್ಟು ತೋರಿಸುತ್ತಾರೆಯೇ, ಎಲ್ಲಿ ಕದಲಾಡಲು ಆರಂಭಿಸುತ್ತಾರೆ, ಎರಡು ದಿನಗಳ ಮೇಲೆ ಆ ಪುಸ್ತಕವನ್ನು ತಾವಾಗಿ ಎತ್ತಿಕೊಳ್ಳುತ್ತಾರೆಯೇ. ಅಂಚು ಸವೆದು, ಪುಟ ಮಡಚಿಹೋದ ಪುಸ್ತಕವೇ ತನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಬಿಡಿ ಬಿಡಿಯಾಗಿ ಜೋಪಾನವಾಗಿ ಬೀಗ ಹಾಕಿಟ್ಟ ಪುಸ್ತಕದ ಬಗ್ಗೆ ಯಾವ ಮೌಲ್ಯಮಾಪನವೂ ಸಾಧ್ಯವಿಲ್ಲ.

ಕೊಳ್ಳುವ ಮುಂಚೆ ಪುಸ್ತಕವನ್ನು ಕಾಣುವುದು ಹಳ್ಳಿಯ ಶಾಲೆಗೆ ಸುಲಭವಲ್ಲ. ದೊಡ್ಡ ಪುಸ್ತಕದಂಗಡಿಗಳಿಗಾಗಿ ನಂಜನಗೂಡಿನಿಂದ ಇಪ್ಪತ್ತಕ್ಕೂ ಹೆಚ್ಚು, ತಿ. ನರಸೀಪುರದಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು. ಅಂತರಜಾಲದಲ್ಲಿ ಪೂರ್ತಿಯಾಗಿ ಓದಲು ಸಿಗುವ ಪುಸ್ತಕಗಳನ್ನು ಮೊದಲು ಪರದೆಯ ಮೇಲೆ ಓದಿ, ಮಕ್ಕಳಿಗೆ ತೋರಿಸಿ, ಒಪ್ಪಿಗೆಯಾದವುಗಳ ಮುದ್ರಿತ ಪ್ರತಿಯನ್ನು ತರಿಸುವುದು ಒಂದು ದಾರಿ. ಮುಕ್ತ ವೇದಿಕೆಗಳಲ್ಲಿ ಯಾರು ಬೇಕಾದರೂ ಅನುವಾದ ಸೇರಿಸಬಹುದಾದ್ದರಿಂದ ಗುಣಮಟ್ಟದಲ್ಲಿ ಏರುಪೇರಿದೆ. ಪ್ರಕಾಶಕರು ಮತ್ತು ಅನುವಾದಕರು ಯಾರೆಂಬುದನ್ನು ನೋಡಿಕೊಳ್ಳಬೇಕು.

ಖರೀದಿ ವ್ಯವಸ್ಥೆ ಮತ್ತು ಪ್ರಶಸ್ತಿಗಳು

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕಗಳು ಹೆಚ್ಚಾಗಿ ಸಗಟು ಖರೀದಿಯ ಮೂಲಕ ಬರುತ್ತವೆ. ಆಯ್ಕೆ ಸಮಿತಿಯು ಪುಸ್ತಕಗಳನ್ನು ನೋಡಿ ಪಟ್ಟಿ ಮಾಡುತ್ತದೆ, ಓದುವ ಮಗು ಆ ಹಂತದಲ್ಲಿ ಎಲ್ಲಿಯೂ ಇರುವುದಿಲ್ಲ. ಪುಟಗಳ ಲೆಕ್ಕದಲ್ಲಿ ಪುಸ್ತಕದ ಬೆಲೆ ಕಟ್ಟುವ ರೂಢಿ ಕಾದಂಬರಿ ಅಥವಾ ಪ್ರಬಂಧ ಸಂಕಲನಕ್ಕೆ ಹೊಂದಬಹುದು. ಕಡಿಮೆ ಪುಟಗಳ, ಬಹುವರ್ಣದ, ಚಿತ್ರಕಾರರಿಗೂ ಸಂಭಾವನೆ ಸಲ್ಲಬೇಕಾದ ಚಿತ್ರಪುಸ್ತಕಕ್ಕೆ ಅದು ಹೊಂದುವುದಿಲ್ಲ. ಪುಟದ ಲೆಕ್ಕಕ್ಕೆ ಒಗ್ಗಿದ ಪ್ರಕಾಶಕರು ಚಿತ್ರವನ್ನು ಕಡಿಮೆ ಮಾಡಿ ಪಠ್ಯವನ್ನು ಹಿಗ್ಗಿಸುವುದು ಸಹಜ.

ಸಾಹಿತ್ಯ ಅಕಾಡೆಮಿಯು 2010ರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಬಾಲಸಾಹಿತ್ಯ ಪುರಸ್ಕಾರ ನೀಡುತ್ತಿದೆ. ಮೊದಲ ವರ್ಷ ಕನ್ನಡದಲ್ಲಿ ಬೊಳುವಾರು ಮಹಮದ್ ಕುಂಞಿ ಅವರಿಗೆ ಈ ಪುರಸ್ಕಾರ ಸಂದಿತು. ಪುರಸ್ಕಾರ ಸಲ್ಲುವುದು ಲೇಖಕರಿಗೆ, ಚಿತ್ರಕಾರರಿಗಲ್ಲ. ಆದುದರಿಂದ ಪ್ರಶಸ್ತಿ ಪಟ್ಟಿಯನ್ನು ಕಥೆ, ಕವಿತೆ, ಕಾದಂಬರಿಗಳ ಆಯ್ಕೆಗೆ ಬಳಸಬಹುದೇ ಹೊರತು ಚಿತ್ರಪುಸ್ತಕಗಳ ಆಯ್ಕೆಗೆ ಅದೊಂದೇ ಸಾಲದು. ಶಿಕ್ಷಕರು, ಗ್ರಂಥಾಲಯ ಮೇಲ್ವಿಚಾರಕರು ತಾವು ಓದಿಸಿ ನೋಡಿದ ಪುಸ್ತಕಗಳ ಬಗ್ಗೆ ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಟ್ಟು ಪಕ್ಕದ ಊರಿನವರೊಂದಿಗೆ ಹಂಚಿಕೊಂಡರೆ, ಮುಂದಿನ ವರ್ಷ 5,000 ರೂಪಾಯಿಯನ್ನು ಖರ್ಚು ಮಾಡುವವರಿಗೆ ಅದಕ್ಕಿಂತ ಉಪಯುಕ್ತವಾದ ಪಟ್ಟಿ ಬೇರೊಂದು ಸಿಗುವುದು ಕಷ್ಟ.